ಒಂದು ಲೀಟರ್ ನೀರು ಕುಡಿಸಿ ಮಾಡುವ ಪಾಠ

ಮಂಗಳೂರಿನಲ್ಲಿ ನರ್ಸಿಂಗ್ ವಿದ್ಯಾರ್ಥಿಗಳಿಗೆ ಶರೀರಕ್ರಿಯಾಶಾಸ್ತ್ರ ಕಲಿಸುವವಳು ನಾನು. ಹೋಮಿಯೋಸ್ಟಾಸಿಸ್, ಅಂದರೆ ದೇಹ ತನ್ನೊಳಗಿನ ಸಮತೋಲನ ಕಾಪಾಡಿಕೊಳ್ಳುವ ಬಗೆಯ ಪಾಠವನ್ನು ಮಕ್ಕಳು ಉರು ಹೊಡೆದೇ ಬಂದಿರುತ್ತಾರೆ: ಕ್ಲಾಡ್ ಬರ್ನಾರ್ಡ್ ದೇಹದ ಒಳಪರಿಸರದ ಬಗ್ಗೆ ಹೇಳಿದ, ವಾಲ್ಟರ್ ಕ್ಯಾನನ್ 1926ರಲ್ಲಿ ಹೆಸರಿಟ್ಟ. ಪರೀಕ್ಷೆಗೆ ಅಷ್ಟು ಸಾಕು, ವಾರ್ಡಿಗೆ ಸಾಲದು. ಹಾಗಾಗಿ ನಾನು ಮೂತ್ರದಿಂದಲೇ ಶುರುಮಾಡುತ್ತೇನೆ. ಮೊದಲು ಒಂದಿಷ್ಟು ನಗು, ಪಿಸುಪಿಸು ಇದ್ದದ್ದೇ.

ಬಿಪಿ, ಕಿಡ್ನಿ, ಹೃದಯದ ತೊಂದರೆ ಇರುವವರನ್ನು ಬಿಟ್ಟು ಉಳಿದವರನ್ನು ಎರಡು ಗುಂಪು ಮಾಡುತ್ತೇನೆ. ಎಲ್ಲರೂ ಒಮ್ಮೆ ಶೌಚಾಲಯಕ್ಕೆ ಹೋಗಿಬಂದ ಮೇಲೆ ಒಂದು ಗುಂಪಿಗೆ ತಲಾ ಒಂದು ಲೀಟರ್ ಬರೀ ನೀರು, ಇನ್ನೊಂದಕ್ಕೆ ಲೀಟರಿಗೆ 9 ಗ್ರಾಂ ಉಪ್ಪು ಬೆರೆಸಿದ್ದು. ಉಪ್ಪುನೀರಿನವರ ಮುಖ ನೋಡಬೇಕು! ಆಮೇಲೆ ಅರ್ಧ ಗಂಟೆಗೊಮ್ಮೆ ಮೂತ್ರವನ್ನು ಅಳತೆ ಜಾಡಿಗೆ ಹಾಕಿ ಪ್ರಮಾಣ, ಬಣ್ಣ, ಸಾಂದ್ರತೆ ಬರೆದುಕೊಳ್ಳುತ್ತೇವೆ.

ಮೊದಲ ಅರ್ಧ ಗಂಟೆ ಹೆಚ್ಚೇನೂ ಆಗುವುದಿಲ್ಲ. ಗಂಟೆ ದಾಟುವಷ್ಟರಲ್ಲಿ ಬರೀ ನೀರು ಕುಡಿದವರು ಸಾಲುಗಟ್ಟುತ್ತಾರೆ. ಹಳದಿ ಬಣ್ಣ ಹೋಗಿ, ಜಾಡಿಯ ಹಿಂದೆ ಹಿಡಿದ ಅಕ್ಷರ ಓದುವಷ್ಟು ತಿಳಿಯಾಗಿರುತ್ತದೆ. ಮೂತ್ರದ ಸಾಂದ್ರತೆ ಅಳೆಯುವ ತೇಲುಕಡ್ಡಿ, ಯೂರಿನೋಮೀಟರ್, ಆಳಕ್ಕೆ ಮುಳುಗಿ ಅಳತೆ 1.020ರ ಆಸುಪಾಸಿನಿಂದ 1.003ರ ಕಡೆಗೆ ಇಳಿಯುತ್ತದೆ. ಉಪ್ಪುನೀರಿನವರು ಮಾತ್ರ ಆರಾಮವಾಗಿ ಕೂತಿರುತ್ತಾರೆ. ಕುಡಿದದ್ದು ಅಷ್ಟೇ, ಮತ್ತೆ ಯಾಕೆ ಹೀಗೆ?

ಬರೀ ನೀರು ರಕ್ತವನ್ನು ತುಸು ತೆಳುಮಾಡುತ್ತದೆ. ಸಾಂದ್ರತೆ ಶೇ. 1–2ರಷ್ಟು ಬದಲಾದರೂ ಮೆದುಳಿನ ಹೈಪೋಥಲಾಮಸ್‌ಗೆ ಗೊತ್ತಾಗುತ್ತದೆ. ದೇಹದಲ್ಲಿ ನೀರು ಉಳಿಸಿಕೊಳ್ಳಲು ಕಿಡ್ನಿಗೆ ಹೇಳುವ ಎಡಿಎಚ್ ಹಾರ್ಮೋನು ತಗ್ಗುತ್ತದೆ, ಕಿಡ್ನಿಯ ಸಂಗ್ರಾಹಕ ನಾಳಗಳು ನೀರನ್ನು ಹಿಂದಕ್ಕೆ ಹೀರಿಕೊಳ್ಳದೆ ಹೊರಗೆ ಬಿಡುತ್ತವೆ. ಉಪ್ಪುನೀರಿನ ಸಾಂದ್ರತೆ ಹೆಚ್ಚುಕಡಿಮೆ ರಕ್ತದ್ದೇ, ಹಾಗಾಗಿ ಆ ಸೂಚನೆಯೇ ಹೋಗುವುದಿಲ್ಲ. ಹೆಚ್ಚಾದ ಉಪ್ಪು, ನೀರನ್ನು ದೇಹ ಗಂಟೆಗಟ್ಟಲೆ ತೆಗೆದುಕೊಂಡು ನಿಧಾನಕ್ಕೆ ಹೊರಹಾಕುತ್ತದೆ.

ಏಪ್ರಿಲ್‌ನಲ್ಲಿ ಮಾತ್ರ ಈ ಪ್ರಯೋಗ ಬೇಡ. ನಮ್ಮ ಸೆಕೆಗೆ ಬೆವರಿನಲ್ಲೇ ಅಷ್ಟು ನೀರು ಹೋಗಿ ಲೆಕ್ಕ ಕೂಡುವುದಿಲ್ಲ, ಮಳೆಗಾಲವೇ ವಾಸಿ. ಒಂದು ಲೀಟರ್ ಬೆವರು ಪೂರ್ತಿ ಆವಿಯಾದರೆ ಸುಮಾರು 580 ಕಿಲೋಕ್ಯಾಲೊರಿ ಶಾಖ ಒಯ್ಯುತ್ತದೆ. ಆದರೆ ಕರಾವಳಿಯ ತೇವದ ಗಾಳಿಯಲ್ಲಿ ಬೆವರು ಆರುವುದೆಲ್ಲಿ? ತೊಟ್ಟಿಕ್ಕಿ ನೆಲಕ್ಕೆ ಬಿದ್ದದ್ದರಿಂದ ಮೈ ತಂಪಾಗುವುದಿಲ್ಲ, ನೀರು ಉಪ್ಪು ಹೋದದ್ದಷ್ಟೇ ಬಂತು.

“ಹಾಗಾದ್ರೆ ಬೊಂಡ ಕುಡಿದ್ರಾಯ್ತಲ್ಲ ಮೇಡಂ?” ಪ್ರತಿ ಬ್ಯಾಚಿನಲ್ಲೂ ಯಾರಾದರೊಬ್ಬರು ಕೇಳಿಯೇ ಕೇಳುತ್ತಾರೆ. ಬೊಂಡದಲ್ಲಿ, ಅಂದರೆ ಎಳನೀರಿನಲ್ಲಿ, ಪೊಟ್ಯಾಸಿಯಂ ಜಾಸ್ತಿ, ಸೋಡಿಯಂ ಕಡಿಮೆ. ಬೆವರಿನಲ್ಲಿ ಹೋಗುವುದು ಮುಖ್ಯವಾಗಿ ಸೋಡಿಯಂ. ಆ ಲೆಕ್ಕಕ್ಕೆ ಉಪ್ಪು ಹಾಕಿದ ಕುಚ್ಚಲಕ್ಕಿ ಗಂಜಿಯೇ ಮೇಲು. ಇದೇ ಹೊತ್ತಿಗೆ ಇನ್ನೊಂದು ಮಾತನ್ನೂ ನೋಟ್ಸಿನಲ್ಲಿ ಬರೆಸುತ್ತೇನೆ: ಕಿಡ್ನಿ ಕೈಕೊಟ್ಟ ರೋಗಿಗೆ ಮನೆಯವರು ಪ್ರೀತಿಯಿಂದ ಬೊಂಡ ತಂದರೆ ಕುಡಿಸಲು ಬಿಡಬೇಡಿ, ಮೊದಲು ಡಾಕ್ಟರನ್ನು ಕೇಳಿ. ಅಂಥವರಲ್ಲಿ ಪೊಟ್ಯಾಸಿಯಂ ಹೊರಹೋಗದೆ ರಕ್ತದಲ್ಲಿ ಏರಿದರೆ ಹೃದಯವೇ ನಿಲ್ಲಬಹುದು.