ಮೈಲ್ಸ್ ಖರ್ಚು ಮಾಡೋ ಮೊದಲು ಒಂದು ಲೆಕ್ಕ ಹಾಕಿ

ಏರ್‌ಲೈನ್ ಮೈಲ್ಸ್ (ವಿಮಾನ ಕಂಪನಿಗಳು ಕೊಡೋ ಪಾಯಿಂಟ್ಸ್) ಇದ್ದರೆ ಟಿಕೆಟ್ ಫ್ರೀ ಅಂತ ತುಂಬಾ ಜನ ಅಂದ್ಕೊಂಡಿರ್ತಾರೆ. ಫ್ರೀ ಏನಲ್ಲ, ತೆರಿಗೆ ಮತ್ತು ಸರ್‌ಚಾರ್ಜ್ ನಾವೇ ಕಟ್ಟಬೇಕು. ಕೆಲವು ಕಂಪನಿಗಳ ಸರ್‌ಚಾರ್ಜ್ ನೋಡಿದರೆ ದುಡ್ಡು ಕೊಟ್ಟೇ ಟಿಕೆಟ್ ತಗೋಬಹುದಿತ್ತು ಅನ್ನಿಸುತ್ತೆ.

ಅದಕ್ಕೇ ಈ ಲೆಕ್ಕ. ಒಂದು ವಿಮಾನದ ಟಿಕೆಟ್ ಬೆಲೆ 12,000 ರೂಪಾಯಿ, ಅದೇ ಮೈಲ್ಸ್‌ನಲ್ಲಾದರೆ 15,000 ಮೈಲ್ಸ್ ಜೊತೆಗೆ 3,000 ರೂಪಾಯಿ ತೆರಿಗೆ ಅಂತಿಟ್ಕೊಳ್ಳಿ. ಉಳಿಯೋದು 9,000 ರೂಪಾಯಿ, ಅದನ್ನು 15,000ದಿಂದ ಭಾಗಿಸಿದರೆ ಒಂದು ಮೈಲ್‌ಗೆ 0.60 ರೂಪಾಯಿ ಸಿಕ್ಕಿತು. ಬೇರೆ ದಿನ, ಬೇರೆ ದಾರಿಗೂ ಹೀಗೇ ನೋಡಿ, ಜಾಸ್ತಿ ಬರೋ ಕಡೆ ಬಳಸಿ. ಸಾಮಾನ್ಯವಾಗಿ ದೂರದ ಬಿಸಿನೆಸ್ ಕ್ಲಾಸ್ ಟಿಕೆಟ್‌ಗೆ ಒಳ್ಳೆ ಬೆಲೆ ಸಿಗುತ್ತೆ. ಮಿಕ್ಸಿ, ಗಿಫ್ಟ್ ವೋಚರ್‌ಗೆಲ್ಲ ಮೈಲ್ಸ್ ಸುರಿಯೋದು ನನ್ನ ಪ್ರಕಾರ ಸುಮ್ನೆ ದಂಡ.

ಗಳಿಸುವಾಗ ಹತ್ತು ಕಡೆ ಖಾತೆ ತೆರೆದು ಚೂರುಚೂರು ಸೇರಿಸಬೇಡಿ. ಸ್ಟಾರ್ ಅಲಯನ್ಸ್, ಒನ್‌ವರ್ಲ್ಡ್, ಸ್ಕೈಟೀಮ್ ಅಂತ ವಿಮಾನ ಕಂಪನಿಗಳ ಮೂರು ದೊಡ್ಡ ಕೂಟಗಳಿವೆ. ಸಿಂಗಾಪುರ್ ಏರ್‌ಲೈನ್ಸ್‌ನಲ್ಲಿ ಹೋದರೂ ಮೈಲ್ಸನ್ನು ಯುನೈಟೆಡ್ ಖಾತೆಗೆ ಹಾಕಿಸಬಹುದು, ಎರಡೂ ಸ್ಟಾರ್ ಅಲಯನ್ಸ್‌ನವೇ ಅಲ್ವಾ. ಆದರೆ ತೀರಾ ಅಗ್ಗದ ಟಿಕೆಟ್‌ಗೆ ಮೈಲ್ಸ್ ಕಮ್ಮಿ, ಕೆಲವೊಮ್ಮೆ ಸೊನ್ನೆ. ಟಿಕೆಟ್ ಯಾವ ದರದ್ದು ಅಂತ ತೋರಿಸೋ ಬುಕಿಂಗ್ ಕ್ಲಾಸ್ ಅಕ್ಷರ ನೋಡ್ಕೊಳ್ಳಿ.

ಕ್ರೆಡಿಟ್ ಕಾರ್ಡ್ ಪಾಯಿಂಟ್ಸ್ ಇದ್ದವರು ಮೈಲ್ಸ್‌ಗೆ ಸಿಗೋ ಸೀಟು ಖಾಲಿ ಇದೆಯಾ ಅಂತ ಮೊದಲು ನೋಡಿ, ಆಮೇಲೆ ಪಾಯಿಂಟ್ಸನ್ನು ಏರ್‌ಲೈನ್ ಖಾತೆಗೆ ವರ್ಗಾಯಿಸಿ. ಒಮ್ಮೆ ಹೋದ ಪಾಯಿಂಟ್ಸ್ ಸಾಮಾನ್ಯವಾಗಿ ವಾಪಸ್ ಬರೋದಿಲ್ಲ. ವರ್ಷಗಟ್ಟಲೆ ಕೂಡಿಡಲೂ ಬೇಡಿ, ಒಂದು ಟಿಕೆಟ್‌ಗೆ ಬೇಕಾಗೋ ಮೈಲ್ಸನ್ನು ಕಂಪನಿ ಯಾವಾಗ ಬೇಕಾದರೂ ಏರಿಸಬಹುದು. ಅವಧಿ ಮುಗಿಯೋ ದಿನಾಂಕವನ್ನು ಫೋನಲ್ಲಿ ರಿಮೈಂಡರ್ ಹಾಕಿಟ್ಕೊಳ್ಳಿ.