ಪ್ಯಾಟರ್ನ್ ಇಲ್ಲದೆ ಸ್ವೆಟರ್: ನನ್ನ ಲೆಕ್ಕ ಹೀಗೆ

"ಎಷ್ಟು ಸ್ಟಿಚ್ ಹಾಕ್ಲಿ ಅಕ್ಕಾ?" ಸ್ವೆಟರ್ ಹೆಣೆಯಲು ಹೊರಟವರು ಮೊದಲು ಕೇಳುವುದು ಇದನ್ನೇ. ನಾನು ಸಂಖ್ಯೆ ಹೇಳುವುದಿಲ್ಲ. ಜಂಬಕ್ಕಲ್ಲ, ನಿಮ್ಮ ಉಲ್ಲನ್ ನೋಡದೆ, ನಿಮ್ಮ ಕೈ ಬಿಗಿಯೋ ಸಡಿಲವೋ ಗೊತ್ತಿಲ್ಲದೆ ಹೇಳೋಕೆ ಬರೋದೇ ಇಲ್ಲ. ಪ್ಯಾಟರ್ನ್ ಬರೆದವರೂ ತಮ್ಮ ಕೈಯ ಲೆಕ್ಕವನ್ನೇ ಬರೆದಿರುತ್ತಾರೆ. ಅದು ನಿಮ್ಮ ಕೈಗೆ ಕೂಡಿಬಂದರೆ ಪುಣ್ಯ.

ನಮ್ಮ ಮನೆಯ ದೊಡ್ಡಮ್ಮ, ಅತ್ತೆಯರು ಯಾರೂ ಪ್ಯಾಟರ್ನ್ ನೋಡಿ ಹೆಣೆದವರಲ್ಲ. ಹಳೇ ಸ್ವೆಟರ್ ಮುಂದಿಟ್ಟುಕೊಂಡು ಗೇಣು, ಬೆರಳಿನ ಲೆಕ್ಕದಲ್ಲಿ ಮುಗಿಸುತ್ತಿದ್ದರು. "ಮಗು ಬೆಳೆಯತ್ತೆ, ಇನ್ನೊಂದು ನಾಲ್ಕು ಬೆರಳು ಇರಲಿ" ಅಂದರೆ ಅಳತೆ ಮುಗಿಯಿತು. ಮುಂಭಾಗ, ಹಿಂಭಾಗ, ಎರಡು ತೋಳು ಬೇರೆ ಬೇರೆ ಹೆಣೆದು ಕೊನೆಗೆ ಹೊಲಿಯುತ್ತಿದ್ದರು. ನನಗೆ ಆ ಹೊಲಿಯುವ ಕೆಲಸ ಕಂಡರೆ ಆಗುವುದಿಲ್ಲ. ಅದಕ್ಕೇ ಕತ್ತಿನಿಂದ ಶುರುಮಾಡಿ, ಸರ್ಕ್ಯುಲರ್ ಕಡ್ಡಿಯಲ್ಲಿ (ಎರಡು ಕಡ್ಡಿಗಳ ನಡುವೆ ಬಗ್ಗುವ ವಯರ್ ಇರುವಂಥದ್ದು) ಸುತ್ತಿ ಸುತ್ತಿ, ಇಡೀ ಸ್ವೆಟರನ್ನು ಒಂದೇ ತುಂಡಾಗಿ ಕೆಳಗಿಳಿಸುತ್ತೇನೆ.

ಮೊದಲು ಸ್ಯಾಂಪಲ್ ತುಂಡು. ಇದನ್ನು ಬಿಟ್ಟುಬಿಡುವವರು ಜಾಸ್ತಿ, ಮುಂದೆ ಬರುವ ಅರ್ಧ ತಲೆನೋವು ಅಲ್ಲಿಂದಲೇ. ಸುಮಾರು 36 ಸ್ಟಿಚ್ ಹಾಕಿ ಆರಿಂಚಿನಷ್ಟು ಹೆಣೆಯಿರಿ. ಕಡ್ಡಿ ತೆಗೆದ ಕೂಡಲೇ ಅಳೆಯಬೇಡಿ. ನೀರಲ್ಲಿ ನೆನೆಸಿ, ಟವಲ್‌ನಲ್ಲಿ ಒತ್ತಿ, ನೆಲದ ಮೇಲೆ ಹರಡಿ, ಪೂರ್ತಿ ಒಣಗಿದ ಮೇಲೆ ಅಳೆಯಿರಿ. ಉಣ್ಣೆ ನೆನೆದ ಮೇಲೆ ಸಡಿಲಗೊಳ್ಳುತ್ತದೆ, ಸ್ವೆಟರನ್ನೂ ನೀವು ಒಗೆದೇ ಒಗೆಯುತ್ತೀರಿ ಅಲ್ವಾ? ಅಂಚುಗಳು ಸುರುಳಿಕೊಂಡಿರುತ್ತವೆ, ಅವನ್ನು ಬಿಟ್ಟು ನಡುವಿನ ನಾಲ್ಕು ಇಂಚಿನಲ್ಲಿ ಅಡ್ಡಕ್ಕೆ ಎಷ್ಟು ಸ್ಟಿಚ್, ಉದ್ದಕ್ಕೆ ಎಷ್ಟು ಸಾಲು ಅಂತ ಎಣಿಸಿ, ನಾಲ್ಕರಿಂದ ಭಾಗಿಸಿದರೆ ಇಂಚಿನ ಲೆಕ್ಕ ಸಿಗುತ್ತದೆ. ಇನ್ನೊಂದು ಮಾತು. ತುಂಬಾ ಜನರ ಕೈಯಲ್ಲಿ ಪರ್ಲ್ (ಉಲ್ಟಾ) ಸಾಲು ನಿಟ್ (ಸೀದಾ) ಸಾಲಿಗಿಂತ ಸ್ವಲ್ಪ ಸಡಿಲ ಬೀಳುತ್ತದೆ. ಸುತ್ತಿ ಸುತ್ತಿ ಹೆಣೆಯುವಾಗ ಪರ್ಲ್ ಸಾಲೇ ಇರುವುದಿಲ್ಲ. ಹಾಗಾಗಿ ಸ್ಯಾಂಪಲ್ಲಿನಲ್ಲೂ ಹಿಂದಿರುಗಿ ಪರ್ಲ್ ಮಾಡದೆ, ಸ್ಟಿಚ್ಚುಗಳನ್ನು ಕಡ್ಡಿಯ ಇನ್ನೊಂದು ತುದಿಗೆ ಸರಿಸಿ, ಹಿಂದಿನಿಂದ ದಾರ ಸಡಿಲವಾಗಿ ತಂದು ಪ್ರತಿ ಸಾಲನ್ನೂ ಬಲಗಡೆಯಿಂದಲೇ ಹೆಣೆಯಿರಿ.

ಇಷ್ಟು ರಗಳೆ ಯಾಕೆ ಅಂದರೆ, 220 ಸ್ಟಿಚ್ಚಿನ ಸ್ವೆಟರು ಇಂಚಿಗೆ ಐದೂವರೆ ಸ್ಟಿಚ್ ಇದ್ದರೆ 40 ಇಂಚು ಸುತ್ತಳತೆ ಬರುತ್ತದೆ. ಇಂಚಿಗೆ ಐದೂಕಾಲು ಆದರೆ ಹತ್ತಿರ ಹತ್ತಿರ 42. ಕಾಲು ಸ್ಟಿಚ್ಚಿನ ವ್ಯತ್ಯಾಸ ನೋಡಿ, ಎರಡಿಂಚು ಹಿಗ್ಗಿಸಿಬಿಟ್ಟಿತು.

ಕಡ್ಡಿ ನಂಬರ್ ಬಗ್ಗೆಯೂ ಹುಷಾರು. ನಮ್ಮ ಅಂಗಡಿಗಳಲ್ಲಿ ಹಳೇ ಬ್ರಿಟಿಷ್ ನಂಬರೇ ನಡೆಯುತ್ತದೆ, 8 ನಂಬರ್ ಅಂದರೆ 4 ಮಿಲಿಮೀಟರ್, 10 ಅಂದರೆ 3.25. ನಂಬರ್ ಏರಿದಷ್ಟೂ ಕಡ್ಡಿ ಸಣ್ಣ. ಅಮೆರಿಕದಲ್ಲಿ ಉಲ್ಟಾ, ಅವರ 8 ನಂಬರ್ 5 ಮಿಲಿಮೀಟರ್. ಅಲ್ಲಿಂದ ಯಾರಾದರೂ ಕಡ್ಡಿ ತಂದುಕೊಟ್ಟರೆ ಮಿಲಿಮೀಟರ್ ನೋಡಿ.

ಈಗ ಲೆಕ್ಕ. ಮೈ ಅಳತೆಗಿಂತ ನಾನು ನಂಬುವುದು ಬೀರುವಿನಲ್ಲಿರುವ ಒಂದು ಬಟ್ಟೆಯನ್ನು, ಹಾಕಿಕೊಂಡರೆ ಹಾಯಾಗಿರುತ್ತದಲ್ಲ, ಅಂಥದ್ದು. ಅದನ್ನು ಹಾಸಿಗೆ ಮೇಲೆ ಹರಡಿ ಕಂಕುಳ ಕೆಳಗಿನ ಅಗಲ ಅಳೆದು ಎರಡರಿಂದ ಗುಣಿಸಿ. ನನ್ನದು 40 ಇಂಚು. ಇಂಚಿಗೆ ಐದೂವರೆಯಂತೆ 220. ಈ 220 ಸಿಕ್ಕಿತೆಂದರೆ ಉಳಿದದ್ದೆಲ್ಲ ಅದರಿಂದಲೇ ಹುಟ್ಟುತ್ತದೆ. ಇಂಗ್ಲೆಂಡಿನಲ್ಲಿ ಹುಟ್ಟಿ ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ ನೆಲೆಸಿದ್ದ ಎಲಿಜಬೆತ್ ಝಿಮ್ಮರ್‌ಮನ್ (1910–1999) ಈ ಶೇಕಡಾ ಲೆಕ್ಕವನ್ನು ಮನೆಮಾತು ಮಾಡಿದವರು. ಮೈ ಸುತ್ತು ನೂರು ಅಂದುಕೊಂಡರೆ ಕತ್ತು ಸುಮಾರು 40, ತೋಳಿನ ಮೇಲ್ಭಾಗ 33ರಿಂದ 35, ಮುಂಗೈ 20ರ ಆಸುಪಾಸು. ಅವರು ಕೆಳಗಿನಿಂದ ಮೇಲಕ್ಕೆ ಹೆಣೆಯುತ್ತಿದ್ದರು. ನಾನು ಅದನ್ನೇ ತಲೆಕೆಳಗು ಮಾಡಿಕೊಂಡಿದ್ದೇನೆ.

220ರ ಶೇಕಡಾ 40 ಅಂದರೆ 88. ಇಷ್ಟು ಕತ್ತಿಗೆ ಹಾಕಿ. ಮುಂದೆ 38, ಹಿಂದೆ 38, ತೋಳಿಗೆ ಆರಾರು. ಈ ನಾಲ್ಕು ಭಾಗ ಸೇರುವ ಕಡೆ ಒಂದೊಂದು ಬಣ್ಣದ ದಾರದ ಉಂಗುರ ಕಡ್ಡಿಗೆ ಸಿಕ್ಕಿಸಿ. ಒಂದು ಸುತ್ತು ಬಿಟ್ಟು ಒಂದು ಸುತ್ತಿನಲ್ಲಿ ಪ್ರತಿ ಉಂಗುರದ ಎರಡೂ ಪಕ್ಕ ಒಂದೊಂದು ಸ್ಟಿಚ್ ಜಾಸ್ತಿ ಮಾಡಿ, ಅಲ್ಲಿಗೆ ಒಂದು ಸಲಕ್ಕೆ ಎಂಟು. ಹೀಗೆ 29 ಸಲ ಮಾಡಿದರೆ ಮುಂದೆ ಹಿಂದೆ 96 ಆಗುತ್ತದೆ, ತೋಳು 64. ಒಟ್ಟು 58 ಸುತ್ತು. ನನ್ನ ಕೈಯಲ್ಲಿ ಇಂಚಿಗೆ ಏಳೂವರೆ ಸಾಲು, ಅಂದರೆ ಏಳೂಮುಕ್ಕಾಲು ಇಂಚು ಆಳ. ಕತ್ತಿನಿಂದ ಕಂಕುಳವರೆಗೆ ನನಗೆ ಸರಿಹೋಗುತ್ತದೆ. ಈಗ ತೋಳಿನ 64 ಸ್ಟಿಚ್ಚನ್ನು ಬೇರೆ ದಾರಕ್ಕೆ ಪೋಣಿಸಿ ಪಕ್ಕಕ್ಕಿಡಿ, ಕಂಕುಳ ಕೆಳಗೆ ಹೊಸದಾಗಿ 14 ಹಾಕಿ. 96, 14, 96, 14. ಕೂಡಿಸಿ ನೋಡಿ, 220.

ಇದರಲ್ಲಿ ನನಗೆ ತುಂಬಾ ಇಷ್ಟವಾದದ್ದು ಹಾಕಿ ನೋಡುವ ಸೌಕರ್ಯ. ಸ್ಟಿಚ್ಚುಗಳನ್ನು ಉದ್ದ ದಾರಕ್ಕೆ ಇಳಿಸಿ, ಅರ್ಧ ಸ್ವೆಟರನ್ನೇ ತಲೆ ಮೇಲಿಂದ ಹಾಕಿಕೊಂಡು ಕನ್ನಡಿ ಮುಂದೆ ನಿಲ್ಲುತ್ತೇನೆ. ಕಂಕುಳಲ್ಲಿ ಹಿಡಿಯುತ್ತಿದೆಯಾ? ಇನ್ನೆರಡು ಸಲ ಜಾಸ್ತಿ ಮಾಡಿ ಬೇರ್ಪಡಿಸಬೇಕು. ಭುಜ ಇಳಿಬಿದ್ದಿದೆಯಾ? ನಾಲ್ಕು ಸುತ್ತು ಬಿಚ್ಚಿದರಾಯಿತು. ನಮ್ಮ ಮನೆಯವರಿಗೆ ಭುಜ ಅಗಲ, ಹೊಟ್ಟೆ ಸ್ವಲ್ಪ ಮುಂದೆ. ಅವರ ಸ್ವೆಟರಿನಲ್ಲಿ ಕಂಕುಳಿನ ಕೆಳಗೆ ಒಂದು ಗೇಣು ಇಳಿದ ಮೇಲೆ ಎರಡೂ ಪಕ್ಕ ಅಲ್ಲಲ್ಲಿ ಒಂದೊಂದು ಸ್ಟಿಚ್ ಏರಿಸಿಬಿಡುತ್ತೇನೆ, ಯಾವ ಪ್ಯಾಟರ್ನೂ ಅವರ ಹೊಟ್ಟೆ ನೋಡಿ ಬರೆದದ್ದಲ್ಲವಲ್ಲ.

ಕತ್ತಿನ ವಿಷಯಕ್ಕೆ ಬಂದರೆ, ಮುಂದೆ ಹಿಂದೆ ಒಂದೇ ಎತ್ತರ ಬಿಟ್ಟರೆ ಸ್ವೆಟರ್ ಗಂಟಲನ್ನು ಒತ್ತುತ್ತದೆ, ಹಿಂದೆ ಜಾರುತ್ತದೆ. ಅದಕ್ಕೇ ಕತ್ತಿನ ರಿಬ್ (ನಿಟ್, ಪರ್ಲ್ ಸರದಿಯಲ್ಲಿ ಹೆಣೆದ ಹಿಗ್ಗುವ ಪಟ್ಟಿ) ಮುಗಿದ ಕೂಡಲೇ ಬೆನ್ನಿನ ಭಾಗದಲ್ಲಿ ಮಾತ್ರ ಅತ್ತಿಂದಿತ್ತ ತಿರುಗಿಸಿಕೊಂಡು ಆರೆಂಟು ಸಾಲು ಹೆಚ್ಚಿಗೆ ಹೆಣೆಯುತ್ತೇನೆ, ಪ್ರತಿ ಸಲ ಮೂರ್ನಾಲ್ಕು ಸ್ಟಿಚ್ ಮುಂದೆ ಹೋಗಿ ತಿರುಗುವುದು. ಬೆನ್ನು ಒಂದಿಂಚು ಮೇಲೇಳುತ್ತದೆ.

ತೋಳಿಗೆ 64 ಜೊತೆ ಕಂಕುಳಿನಿಂದ ಎತ್ತಿಕೊಂಡ 14 ಸೇರಿ 78. ಮುಂಗೈಗೆ 48 ಸಾಕು, ಶೇಕಡಾ 20ರ ಲೆಕ್ಕದಲ್ಲಿ 44 ಬರುತ್ತದೆ, ಆದರೆ ನಾನು ಪಾತ್ರೆ ತೊಳೆಯುವಾಗ ತೋಳು ಮೇಲಕ್ಕೆ ಸರಿಸಿಕೊಳ್ಳುವವಳು. ಕಮ್ಮಿ ಮಾಡಬೇಕಾದ್ದು 30, ಸಲಕ್ಕೆ ಎರಡರಂತೆ 15 ಸಲ, ಏಳು ಸುತ್ತಿಗೊಮ್ಮೆ. ಹದಿನಾಲ್ಕು ಇಂಚಿಗೆ ಮುಗಿಯುತ್ತದೆ, ಆಮೇಲೆ ರಿಬ್. ಇಂಗ್ಲೆಂಡ್, ಸ್ಕಾಟ್ಲೆಂಡ್ ಕರಾವಳಿಯ ಮೀನುಗಾರರ ಗ್ಯಾನ್ಸಿ ಸ್ವೆಟರುಗಳಲ್ಲೂ ತೋಳನ್ನು ಭುಜದಿಂದ ಕೆಳಕ್ಕೇ ಹೆಣೆಯುತ್ತಿದ್ದರು. ಸವೆಯುವುದು ಮುಂಗೈ ಅಂಚು. ಅದನ್ನಷ್ಟೇ ಬಿಚ್ಚಿ ಮತ್ತೆ ಹೆಣೆದರೆ ತೋಳು ಹೊಸದು. ಮಕ್ಕಳ ಸ್ವೆಟರಿಗೂ ಇದೇ ಉಪಾಯ, ಮುಂದಿನ ವರ್ಷ ತೋಳು ಗಿಡ್ಡ ಆದರೆ ರಿಬ್ ಬಿಚ್ಚಿ ಎರಡಿಂಚು ಸೇರಿಸಿ. ಅದಕ್ಕೆ ಒಂದು ಉಂಡೆ ಉಲ್ಲನ್ ಎತ್ತಿಟ್ಟಿರಬೇಕು ಅಷ್ಟೇ. ಬೇರೆ ಡೈ ಲಾಟಿನದ್ದಾದರೆ, ಅಂದರೆ ಬೇರೆ ಸಲ ಬಣ್ಣ ಹಾಕಿದ್ದಾದರೆ, ಬಣ್ಣದ ಗೆರೆ ಎದ್ದು ಕಾಣುತ್ತದೆ.

ಬೆಂಗಳೂರಿನ ಚಳಿಗೆ ದಪ್ಪ ಉಣ್ಣೆ ಬೇಡ. ಇಲ್ಲಿ ಸುಲಭಕ್ಕೆ ಸಿಗುವುದು ಲೂಧಿಯಾನದ ಅಕ್ರಿಲಿಕ್, ಒಗೆಯಲು ಸುಲಭ, ಚುಚ್ಚುವುದಿಲ್ಲ. ಅದನ್ನು ಮಾತ್ರ ಬಿಸಿ ಇಸ್ತ್ರಿಯಿಂದ ದೂರ ಇಡಿ. ಒಮ್ಮೆ ಕಾವು ತಗುಲಿ ಜೋತುಬಿದ್ದರೆ ರಿಬ್ ಮತ್ತೆ ಹಿಡಿತಕ್ಕೆ ಬರುವುದಿಲ್ಲ. ಚಳ್ಳಕೆರೆ ಕಡೆಯ ಕಂಬಳಿ ಉಣ್ಣೆಯಲ್ಲಿ ಹೆಣೆಯಬಹುದಾ ಅಂತ ಕೇಳುವವರಿದ್ದಾರೆ. ಅದು ನೇಯಲು ಒಳ್ಳೆಯದು, ಒರಟು, ಮೈಗೆ ತಾಗುವ ಸ್ವೆಟರಿಗೆ ನಾನಂತೂ ಹೇಳುವುದಿಲ್ಲ.

ಕೊನೆಗೆ ಕಂಕುಳಿನ ಎರಡು ಮೂಲೆಗಳಲ್ಲಿ ಸಣ್ಣ ತೂತು ಉಳಿದೇ ಉಳಿಯುತ್ತದೆ, ಎಲ್ಲರಿಗೂ. 14ರ ಜಾಗದಲ್ಲಿ 16 ಎತ್ತಿಕೊಂಡು ಮುಂದಿನ ಸುತ್ತಿನಲ್ಲಿ ಅಕ್ಕಪಕ್ಕದವನ್ನು ಜೋಡಿಸಿ ಮತ್ತೆ 14ಕ್ಕೆ ಇಳಿಸಿ. ಆಮೇಲೂ ಕಂಡರೆ ಉಳಿದ ಬಾಲದ ದಾರದಲ್ಲಿ ಒಳಗಿನಿಂದ ಎರಡು ಸುತ್ತು ಎಳೆದು ಗಂಟು ಹಾಕಿ.