ಸಿಗ್ನಲ್ ದಟ್ಟಣೆಯಲ್ಲಿ ಕ್ಲಿಪ್‌ಲೆಸ್ ಪೆಡಲ್: ನನ್ನ ಅನುಭವ

ನಿಂತು ನಿಂತು ಸಾಗುವ ವಾಹನ ದಟ್ಟಣೆಯಲ್ಲಿ ಸೈಕಲ್ಲಿನ ಕ್ಲಿಪ್‌ಲೆಸ್ ಪೆಡಲಿನಿಂದ (ಬೂಟಿನ ಅಡಿಯನ್ನು ಕಚ್ಚಿ ಹಿಡಿಯುವ ಪೆಡಲ್) ಬೂಟು ಥಟ್ಟನೆ ಬಿಡಿಸಿಕೊಳ್ಳುತ್ತಿರಲಿಲ್ಲ. ಇದಕ್ಕೆ ಪರಿಹಾರ ಸಿಕ್ಕಿದ್ದು ಒಂದು ಅಲೆನ್ ಕೀಯಿಂದ (ಆರು ಮೂಲೆಯ ಸ್ಕ್ರೂ ತಿರುಗಿಸುವ ಕೀಲಿ).

ಶಿಮಾನೊ ಕಂಪನಿಯ ಎಸ್‌ಪಿಡಿ ಎಂಬ ಬಗೆಯ ಕ್ಲಿಪ್‌ಲೆಸ್ ಪೆಡಲಿನಲ್ಲಿ ಹಿಡಿತದ ಬಿಗಿಯನ್ನು ನಿರ್ಧರಿಸುವ ಸಣ್ಣ ಸ್ಕ್ರೂ ಇರುತ್ತದೆ. ಅದನ್ನು ಎಡಕ್ಕೆ ತಿರುಗಿಸಿದರೆ ‘ಟಿಕ್’ ಎನ್ನುತ್ತಾ ಸ್ಪ್ರಿಂಗ್ ಹಂತಹಂತವಾಗಿ ಸಡಿಲಗೊಳ್ಳುತ್ತದೆ. ಎರಡೂ ಮುಖಗಳಲ್ಲಿ ಹಿಡಿತವಿರುವ ಪೆಡಲಾದರೆ ಜೋಡಿಗೆ 4 ಸ್ಕ್ರೂಗಳಿರುತ್ತವೆ. ಅವು ಸಮನಾಗಿಲ್ಲದಿದ್ದರೆ ಕಾಲಿಗೆ ಯಾವ ಮುಖ ಸಿಕ್ಕಿತು ಎಂಬುದರ ಮೇಲೆ ಬಿಡಿಸಲು ಬೇಕಾದ ಬಲವೂ ಬದಲಾಗುವುದರಿಂದ, ನಾಲ್ಕನ್ನೂ ಕನಿಷ್ಠ ಬಿಗಿಗೆ ಇಳಿಸಿ, ಅಲ್ಲಿಂದ ಟಿಕ್‌ಗಳನ್ನು ಎಣಿಸುತ್ತಾ ಒಂದೇ ಮಟ್ಟಕ್ಕೆ ತಂದೆ. ಬೂಟಿನ ಅಡಿಗೆ ಬೋಲ್ಟಿನಿಂದ ಕೂರಿಸುವ, ಪೆಡಲಿಗೆ ಸಿಕ್ಕಿಕೊಳ್ಳುವ ಲೋಹದ ತುಂಡಾದ ಕ್ಲೀಟನ್ನೂ ಬದಲಿಸಿದೆ. ಶಿಮಾನೊದ ಎಸ್‌ಎಚ್51 ಮಾದರಿಯ ಕ್ಲೀಟು, ಹಿಮ್ಮಡಿಯನ್ನು ಪಕ್ಕಕ್ಕೆ ತಿರುಗಿಸಿದರಷ್ಟೇ ಬಿಡುತ್ತದೆ. ಎಸ್‌ಎಚ್56 ಬೇರೆ ದಿಕ್ಕುಗಳಲ್ಲಿ ಎಳೆದರೂ ಬಿಡುತ್ತದೆ. ಎದ್ದು ನಿಂತು ಜೋರಾಗಿ ತುಳಿಯುವವರಿಗೆ ಇದು ಹಿಡಿಸಲಿಕ್ಕಿಲ್ಲ, ಏಕೆಂದರೆ ಬೇಡದಾಗಲೂ ಕಾಲು ಕಳಚಬಹುದು. ನಗರದ ಓಡಾಟಕ್ಕೆ ಮಾತ್ರ ನಾನು ಇದನ್ನೇ ಮೆಚ್ಚುತ್ತೇನೆ.

ಕಾಲನ್ನು ಬಿಡಿಸುವ ಹೊತ್ತೂ ಮುಖ್ಯ. ಸಿಗ್ನಲ್ ಹತ್ತಿರವಾದಂತೆ ಗೇರ್ ಇಳಿಸಿ, ಚಕ್ರ ಇನ್ನೂ ಉರುಳುತ್ತಿರುವಾಗಲೇ, ಪೆಡಲ್ ಕೆಳಗೆ ಬಂದ ಕ್ಷಣದಲ್ಲಿ ಹಿಮ್ಮಡಿಯನ್ನು ಹೊರಕ್ಕೆ ತಿರುಗಿಸಿ, ಬಿಡಿಸಿದ ಕಾಲಿನ ಬದಿಗೇ ಮೈಭಾರ ವಾಲಿಸುತ್ತೇನೆ. ವಾಹನಗಳು ತೆವಳುತ್ತಿದ್ದರೆ ಆ ಕಾಲನ್ನು ಮತ್ತೆ ಸಿಕ್ಕಿಸದೆ, ಅಂಗಾಲಿನ ನಡುಭಾಗದಿಂದಲೇ ತುಳಿಯುತ್ತೇನೆ.

ಕ್ಲೀಟಿನ ಬೋಲ್ಟುಗಳನ್ನೂ ಆಗಾಗ ಬಿಗಿ ಮಾಡಬೇಕು: ಬೋಲ್ಟು ಸಡಿಲವಾದರೆ ಬೂಟು ಮಾತ್ರ ತಿರುಗಿ, ಕ್ಲೀಟು ಪೆಡಲಿನಲ್ಲೇ ಉಳಿಯುತ್ತದೆ, ಆಗ ಸ್ಪ್ರಿಂಗ್ ಎಷ್ಟೇ ಸಡಿಲವಿದ್ದರೂ ಕಾಲು ಬಿಡಿಸಿಕೊಳ್ಳುವುದಿಲ್ಲ.